ಹೂಂಗುಟ್ಟಿದ್ದಕ್ಕೆ ಸೋತ ಸುತ್ತು

ಗದಗಿನ ಕಾನೂನು ಕಾಲೇಜಿನ ಮಕ್ಕಳು ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ವಾದ ಮಾಡುತ್ತಾರೆ ಅಂದರೆ ಜನ ಮೊದಲು ವಿಚಾರಿಸುವುದು ಇಂಗ್ಲಿಷಿನ ಬಗ್ಗೆ. ಕೇಳುವಾಗ ಅವರ ಮುಖದಲ್ಲಿ ಒಂದು ಅನುಕಂಪ ಇರುತ್ತದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಬೆಟಗೇರಿಯಲ್ಲಿ ಹುಟ್ಟಿ ಬೆಳೆದವಳು, ಈ ಮಕ್ಕಳಿಗೆ ಪಾಠ ಹೇಳಿ ತಂಡಕ್ಕೆ ತರಬೇತಿ ಕೊಡುವವಳು. ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ ದನಿ ದೊಡ್ಡದಾಗಿದೆ, ಸಿಟ್ಟು ಅದಕ್ಕಿಂತ ದೊಡ್ಡದು. ಅಂಥವರಿಗೆ ನಾನು ಹೇಳುವುದು ಇಷ್ಟೇ: ನಾವು ಸೋತದ್ದು ಹೌದು, ಆದರೆ ಇಂಗ್ಲಿಷಿನಿಂದಲ್ಲ. ಯಾವುದರಿಂದ ಸೋತೆವು, ಸೋತ ಮೇಲೆ ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಅಣಕು ನ್ಯಾಯಾಲಯ ಎಂದರೆ ನಾಟಕವಲ್ಲ. ಸಂಘಟಕರು ಒಂದು ಕಾಲ್ಪನಿಕ ದೇಶ ಕಟ್ಟುತ್ತಾರೆ, ಆ ದೇಶದಲ್ಲಿ ಒಬ್ಬರ ಹಕ್ಕಿಗೆ ಪೆಟ್ಟು ಬೀಳುತ್ತದೆ, ಪ್ರಕರಣ ಅಂತರರಾಷ್ಟ್ರೀಯ ನ್ಯಾಯಪೀಠಕ್ಕೆ ಬರುತ್ತದೆ. ಪ್ರತಿ ತಂಡವೂ ಎರಡೂ ಕಡೆಯ ಲಿಖಿತ ವಾದ ಸಿದ್ಧಪಡಿಸಿ ಕಳಿಸಬೇಕು. ಆಮೇಲೆ ಮೌಖಿಕ ಸುತ್ತುಗಳು: ಎರಡು ಸಲ ಸರ್ಕಾರದ ಪರ, ಎರಡು ಸಲ ಅರ್ಜಿದಾರರ ಪರ. ವಾದ ಶುರುವಾಗಿ ಒಂದು ನಿಮಿಷ ಕಳೆಯುವಷ್ಟರಲ್ಲಿ ಪೀಠದವರು ಬಾಯಿ ಹಾಕುತ್ತಾರೆ. ಅವರ ಪ್ರಶ್ನೆಗೆ ಉತ್ತರ ಕೊಡುವ ರೀತಿಯ ಮೇಲೆ ಅಂಕ ನಿಲ್ಲುತ್ತದೆ. ಕಂಠಪಾಠ ಮಾಡಿಕೊಂಡು ಹೋದವರು ಅಲ್ಲಿಯೇ ಮುಗ್ಗರಿಸುತ್ತಾರೆ.

ಆ ಸಲದ ಸಮಸ್ಯೆ ನಮಗೆಂದೇ ಬರೆದಂತಿತ್ತು. ಒಂದು ದೇಶದ ವಾರದ ಸಂತೆ. ಕಳ್ಳತನ ಹೆಚ್ಚಾಯಿತೆಂದು ಸರ್ಕಾರ ಸಂತೆಯಲ್ಲಿ ಮುಖ ಗುರುತಿಸುವ ಕ್ಯಾಮೆರಾ ಹಾಕಿಸುತ್ತದೆ. ಮುಖ ನೋಂದಾಯಿಸಿದವರಿಗೆ ಮಾತ್ರ ಅಂಗಡಿ ಹಾಕಲು ಪರವಾನಗಿ. ತರಕಾರಿ ಮಾರುವ ಒಬ್ಬ ಹೆಂಗಸು ಕ್ಯಾಮೆರಾದ ಮುಂದೆ ನಿಲ್ಲುತ್ತಾಳೆ, ಅಧಿಕಾರಿ ಒಪ್ಪಿಗೆಯೇ ಎಂದು ಕೇಳಿದಾಗ ಹೌದು ಅನ್ನುತ್ತಾಳೆ, ಸಹಿ ಹಾಕುತ್ತಾಳೆ. ಮುಂದೆ ಅದೇ ಯಂತ್ರ ಅವಳನ್ನು ಯಾರೋ ಕಳ್ಳಿ ಎಂದು ತೋರಿಸುತ್ತದೆ, ಪೊಲೀಸರು ಹಿಡಿದು ಕೂರಿಸುತ್ತಾರೆ. ಸಂತೆ ಎಂದರೇನು ಎಂದು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಿರಲಿಲ್ಲ.

ತಂಡದಲ್ಲಿ ಮೂವರು. ಅರ್ಜಿದಾರಳ ಪರ ಮೊದಲ ವಾದ ಮಾಡುವವಳು ಲಕ್ಷ್ಮೇಶ್ವರದ ಹುಡುಗಿ, ನಾಲ್ಕನೇ ವರ್ಷದ ವಿದ್ಯಾರ್ಥಿನಿ. ಮನೆಯವರದು ಗಾದಿ ಅಂಗಡಿ, ಹಿಂಜಿದ ಅರಳೆ ತುಂಬಿ ಗಾದಿ ಹೊಲಿದು ಮಾರುವುದು ತಲೆಮಾರುಗಳಿಂದ ಬಂದ ಕೆಲಸ. ಅಪ್ಪ ತೀರಿಹೋಗಿದ್ದರು, ದೊಡ್ಡಪ್ಪನೇ ಓದಿಸುತ್ತಿದ್ದರು. ಎರಡನೇ ವಾದಿ ಹಿರೇವಡ್ಡಟ್ಟಿಯ ಹುಡುಗ, ಸರ್ಕಾರದ ಪರ ಸುತ್ತುಗಳಲ್ಲಿ ಅವನೇ ಮುಂದಾಳು. ಮೂರನೆಯವಳು ಸಂಶೋಧಕಿ, ಅಂದರೆ ತೀರ್ಪುಗಳನ್ನು ಹುಡುಕಿ, ವಾದದ ನಡುವೆ ಚೀಟಿ ಬರೆದು ದಾಟಿಸುವವಳು. ಗದಗಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿ, ಮಾತು ಪಟಪಟ. ಬೇಕಾದರೆ ವಾದಿಯಾಗಿಯೂ ನಿಲ್ಲಬಹುದು. ಸುತ್ತಿಗೆ ಮುಂಚೆ ತರಬೇತುದಾರರು ತಿಳಿಸಿದರೆ ಸಾಕು ಎಂದು ನಿಯಮ ಹೇಳುತ್ತಿತ್ತು. ಮೌಖಿಕ ಸುತ್ತುಗಳೆಲ್ಲ ಆನ್‌ಲೈನ್. ನಮ್ಮ ಕಂಪ್ಯೂಟರ್ ಕೋಣೆಯೇ ನಮಗೆ ನ್ಯಾಯಾಲಯ.

ಲಿಖಿತ ವಾದದಲ್ಲಿ ಆ ಸಹಿ ನಮಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಹೆಂಗಸು ತಾನೇ ಹೌದು ಅಂದಿದ್ದಾಳೆ, ಕಾಗದವಿದೆ. ಆದ್ದರಿಂದ ಒಪ್ಪಿಗೆಯ ಮಾತನ್ನು ಕೊನೆಯ ಪುಟಗಳಿಗೆ ತಳ್ಳಿ, ಕಳ್ಳತನ ತಡೆಯಲು ಎಲ್ಲರ ಮುಖವೂ ಬೇಕಿತ್ತೇ, ಇದಕ್ಕಿಂತ ಹಗುರವಾದ ಕ್ರಮ ಇರಲಿಲ್ಲವೇ ಎಂಬ ವಾದವನ್ನು ಮುಂದೆ ಇಟ್ಟೆವು. ಅದು ನನ್ನದೇ ನಿರ್ಧಾರ. ಬಲವಿಲ್ಲದ ಜಾಗವನ್ನು ಮುಚ್ಚಿಡುವುದು ವಕೀಲಿಕೆಯ ಜಾಣತನ ಎಂದು ನಂಬಿದ್ದೆ.

ಅಭ್ಯಾಸಕ್ಕೆ ಮುಂಡರಗಿಯ ವಕೀಲರ ಬಳಿ ಕರೆದುಕೊಂಡು ಹೋದೆ. ಮೂರು ಜನ ಹಿರಿಯ ವಕೀಲರು ಪೀಠವಾಗಿ ಕುಳಿತು ಮಕ್ಕಳನ್ನು ಗೋಳು ಹೊಯ್ದುಕೊಳ್ಳಬೇಕೆಂದು ಕೇಳಿಕೊಂಡಿದ್ದೆ. ಅವರು ಮನಸ್ಸಿಟ್ಟು ಪ್ರಶ್ನೆ ಕೇಳಿದರು, ಗಿರ್ಮಿಟ್ ತಿನ್ನಿಸಿದರು, ಹುಡುಗಿಯ ತಲೆ ನೇವರಿಸಿ ಭೇಷ್ ಎಂದು ಕಳಿಸಿದರು. ಅವಳು ಅವರ ಪ್ರತಿ ಮಾತಿಗೂ ತಲೆಯಾಡಿಸಿ ಯೆಸ್ ಯುವರ್ ಎಕ್ಸಲೆನ್ಸಿ ಅನ್ನುತ್ತಲೇ ಇದ್ದಳು. ನನಗೂ ಕೇಳಿಸಿತು, ವಕೀಲರಿಗೂ ಕೇಳಿಸಿತು, ನಮ್ಮಲ್ಲಿ ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಸರ್ಕಾರದ ಪರ ಎರಡು ಸುತ್ತುಗಳು ಚೆನ್ನಾಗಿಯೇ ಆದವು. ಹಿರೇವಡ್ಡಟ್ಟಿಯ ಹುಡುಗ ಜಗಳಗಂಟ, ಪೀಠದ ಜೊತೆಗೂ ಸೌಜನ್ಯವಾಗಿ ಜಗಳವಾಡಿ ಬಂದ. ಮೂರನೆಯದು ಅರ್ಜಿದಾರಳ ಪರ. ಸುತ್ತು ನಡೆಯುವಾಗ ತರಬೇತುದಾರರು ಕೋಣೆಯಲ್ಲಿ ಕೂರಬಹುದು, ತುಟಿ ಬಿಚ್ಚುವಂತಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ, ಲಕ್ಷ್ಮೇಶ್ವರದ ಹುಡುಗಿ ವಾದಕ್ಕೆ ನಿಂತಳು. ಪರದೆಯ ಮೇಲೆ ಮೂರು ಜನ ನ್ಯಾಯಾಧೀಶರು. ನಡುವೆ ಕುಳಿತಿದ್ದ ನರೆತ ಕೂದಲಿನ ಹೆಂಗಸು ದನಿ ಎತ್ತದೆ, ಮೊಮ್ಮಗಳಿಗೆ ಕಥೆ ಹೇಳುವವರ ಹಾಗೆ ಮಾತಾಡತೊಡಗಿದರು. ನಿಮ್ಮ ಅರ್ಜಿದಾರಳಿಗೆ ಕ್ಯಾಮೆರಾದ ಬಗ್ಗೆ ಗೊತ್ತಿತ್ತು. ಯೆಸ್ ಯುವರ್ ಎಕ್ಸಲೆನ್ಸಿ. ಸೂಚನಾ ಫಲಕ ಅವಳ ಭಾಷೆಯಲ್ಲೇ ಇತ್ತು. ಯೆಸ್ ಯುವರ್ ಎಕ್ಸಲೆನ್ಸಿ. ಯಾರೂ ಅವಳ ಕೈ ಹಿಡಿದು ಎಳೆಯಲಿಲ್ಲ. ಯೆಸ್. ಅವಳು ಸ್ವಂತ ಇಚ್ಛೆಯಿಂದಲೇ ಸಹಿ ಹಾಕಿದಳು. ಯೆಸ್ ಯುವರ್ ಎಕ್ಸಲೆನ್ಸಿ.

ನ್ಯಾಯಾಧೀಶೆ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಹಾಗಾದರೆ ಸ್ವತಂತ್ರ ಒಪ್ಪಿಗೆ ಇತ್ತೆಂದು ವಾದಿ ಒಪ್ಪಿಕೊಂಡಂತಾಯಿತು, ಇನ್ನು ಉಳಿದದ್ದೇನು ಎಂದು ಕೇಳಿದರು. ನಮ್ಮ ಹುಡುಗಿ ಬೆಚ್ಚಿಬಿದ್ದಳು. ತಾನು ಏನು ಒಪ್ಪಿಕೊಂಡೆ ಎಂದೇ ಅವಳಿಗೆ ತಿಳಿಯಲಿಲ್ಲ. ಸಂಶೋಧಕಿ ಚೀಟಿಯ ಮೇಲೆ ಚೀಟಿ ತಳ್ಳಿದಳು, ಹುಡುಗ ತನ್ನ ಪಾಲಿನ ಸಮಯದಲ್ಲಿ ತೇಪೆ ಹಾಕಲು ನೋಡಿದ. ಎದುರು ತಂಡದವರು ಎದ್ದು ನಿಂತವರೇ, ಗೌರವಾನ್ವಿತ ಎದುರುವಾದಿಯೇ ಒಪ್ಪಿಕೊಂಡಿರುವಂತೆ ಎಂದು ಶುರುಮಾಡಿ ಅದೊಂದೇ ಮಾತಿನ ಮೇಲೆ ಸುತ್ತು ಗೆದ್ದುಕೊಂಡರು. ನಾನು ಹಿಂದೆ ಕುಳಿತು ಕೈ ಹಿಸುಕಿಕೊಳ್ಳುತ್ತಿದ್ದೆ.

ಸುತ್ತಿನ ನಂತರ ಪೀಠ ಅಭಿಪ್ರಾಯ ಹೇಳುವ ಪದ್ಧತಿಯಿದೆ. ಹುಡುಗಿಯ ಓದು ಆಳವಾಗಿದೆ, ಆದರೆ ಪ್ರಕರಣದ ಜೀವವನ್ನೇ ಬಿಟ್ಟುಕೊಟ್ಟಳು ಎಂದರು. ಅವಳು ಅದಕ್ಕೂ ಯೆಸ್ ಯುವರ್ ಎಕ್ಸಲೆನ್ಸಿ ಎಂದಳು. ಮಧ್ಯಾಹ್ನದ ಬಸ್ಸಿಗೆ ಹಾಸ್ಟೆಲ್ ಬಿಟ್ಟು ಊರಿಗೆ ಹೋದಳೆಂದು ಆಮೇಲೆ ತಿಳಿಯಿತು.

ಪ್ರಾಂಶುಪಾಲರು ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಸ್ಪರ್ಧೆಯ ಪ್ರವೇಶ ಶುಲ್ಕಕ್ಕಾಗಿ ಆಡಳಿತ ಮಂಡಳಿಯ ಮುಂದೆ ನನ್ನ ಪರ ನಿಂತವರು. ಉಳಿದದ್ದು ಒಂದೇ ಸುತ್ತು, ಅದರಲ್ಲಿ ಸಂಶೋಧಕಿಯನ್ನು ನಿಲ್ಲಿಸಿ, ಲಕ್ಷ್ಮೇಶ್ವರದವಳು ಚೀಟಿ ಬರೆಯಲಿ ಎಂದರು. ಹಳ್ಳಿ ಕಡೆಯ ಹುಡುಗಿ, ದೊಡ್ಡವರ ಮುಂದೆ ಬಾಯಿ ಕಟ್ಟುತ್ತದೆ, ಅವಳಿಗೂ ಹಿಂಸೆ ಯಾಕೆ ಎಂದರು. ಮರುದಿನ ಸಂಜೆಯೊಳಗೆ ನಾನು ಬದಲಾವಣೆಯ ಮೇಲ್ ಕಳಿಸಬೇಕಿತ್ತು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿತ್ತು. ಬಾಯಿ ಕಟ್ಟಿದ್ದರೆ ನಾವು ಉಳಿದುಕೊಳ್ಳುತ್ತಿದ್ದೆವು, ಅವಳು ಬಾಯಿ ಬಿಟ್ಟಿದ್ದೇ ಮುಳುವಾಯಿತು ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಶಿರಹಟ್ಟಿ ಮೇಲೆ ಹೋಗುವ ಬಸ್ ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಅವಳನ್ನು ಬೈಯಲು ಹೊರಟೆನೋ ಸಮಾಧಾನ ಮಾಡಲೋ, ಬಸ್ಸಿಳಿಯುವವರೆಗೂ ಗೊತ್ತಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ, ಗಾಳಿಯಲ್ಲೆಲ್ಲ ಅರಳೆ. ದೊಡ್ಡಪ್ಪ ಗಲ್ಲೆ ಬಿಟ್ಟು ಎದ್ದು ಬಂದು ಕುರ್ಚಿ ಒರೆಸಿ ಕೂರಿಸಿದರು, ಚಹಾ ತರಿಸಿದರು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಕಣ್ಣು ಊದಿಕೊಂಡಿದ್ದವು. ನಾನು ಕಾಲೇಜಿನ ವಿಚಾರವನ್ನೆಲ್ಲ ಬಿಡಿಸಿ ಹೇಳಿದೆ.

"ನಿನ್ನಿಯಿಂದ ಸರಿಯಾಗಿ ಊಟಾ ಮಾಡಿಲ್ರಿ ಮೇಡಂ ಈಕಿ," ಅಂದರು ದೊಡ್ಡಪ್ಪ. "ಆ ಇಂಗ್ಲೀಷ್ ಸಾಲಿ ಹುಡುಗಿನ ನಿಂದರ್ಲಿ ಬಿಡ್ರಿ. ಕಾಲೇಜಿನ ಮರ್ಯಾದಿ ಪ್ರಶ್ನಿ ಐತಿ." ಆಮೇಲೆ ಅವಳ ಕಡೆ ತಿರುಗಿ, ಇದರಿಂದ ನಿನಗೂ ತ್ರಾಸಿಲ್ಲ, ಅಲ್ಲೇನು ಎಂದು ಕೇಳಿದರು. ಅವಳು ಹೂಂ ದೊಡ್ಡಪ್ಪ ಅಂದಳು. ಮೇಡಂ ಇಷ್ಟು ದೂರ ಬಂದಾರ, ಅವರ ಮುಂದ ನೀನೇ ಹೇಳಿಬಿಡು ಅಂದರು. ಅದಕ್ಕೂ ಹೂಂ ಅಂದಳು. ನನ್ನ ಕೆಲಸ ಮುಗಿದಂತಾಯಿತು, ಒಪ್ಪಿಗೆ ಸಿಕ್ಕಿತು, ಮೇಲ್ ಕಳಿಸಬಹುದು ಎಂದುಕೊಂಡು ಕಪ್ಪು ಕೆಳಗಿಟ್ಟೆ.

ಆದರೂ ಒಂದು ಮಾತು ಅವಳ ಬಾಯಿಂದಲೇ ಕೇಳಿಬಿಡೋಣ ಎನ್ನಿಸಿತು. "ಹಂಗಾದ್ರ ಬಿಟ್ಟುಕೊಡಾಕ ಒಪ್ಪಿದೇನ ನೀ?" ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಇಲ್ರಿ ಮೇಡಂ."

"ಮತ್ತ ಈಗ ಹೂಂ ಅಂದಿ?"

"ದೊಡ್ಡಪ್ಪ ಮಾತಾಡಾಕತ್ತಿದ್ರಲ್ರಿ," ಅಂದಳು. "ಸುಮ್ಮ ಹೆಂಗ ನಿಂದರಲಿ?"

ನನಗೆ ಕೆನ್ನೆಗೆ ಹೊಡೆದಂತಾಯಿತು. ದೊಡ್ಡಪ್ಪನನ್ನು ನೋಡಿದರೆ ಅವರ ಮುಖದಲ್ಲಿ ಆಶ್ಚರ್ಯವೇ ಇಲ್ಲ. ಅವಳು ಒಪ್ಪಿದಳೆಂದು ಅವರೂ ತಿಳಿದಿರಲಿಲ್ಲ. ಕೇಳುತ್ತಿದ್ದಾಳೆ ಎಂದಷ್ಟೇ ತಿಳಿದಿದ್ದರು. ನಮ್ಮ ಕಡೆ ಹಿರಿಯರು ಮಾತಾಡುವಾಗ ಕಿರಿಯರು ಹೂಂಗುಟ್ಟಬೇಕು. ಮೂಕರ ಹಾಗೆ ನಿಂತರೆ ಸೊಕ್ಕು ಎನ್ನುತ್ತಾರೆ. ಹೂಂಗುಟ್ಟುವುದು ಮುಗಿದ ಮೇಲೆ ಮೆಲ್ಲಗೆ, ಬೇರೆ ದಾರಿಯಿಂದ, ತಾಯಿಯ ಮೂಲಕವೋ ಅತ್ತೆಯ ಮೂಲಕವೋ ತಮ್ಮ ಮನಸ್ಸಿನಲ್ಲಿದ್ದದ್ದು ತಿಳಿಸುತ್ತಾರೆ. ನಾನೂ ಹಾಗೆ ಬೆಳೆದವಳೇ. ಮುಂಡರಗಿಯ ವಕೀಲರೂ ಹಾಗೆ ಬೆಳೆದವರೇ. ಅದಕ್ಕೇ ಅಭ್ಯಾಸದಲ್ಲಿ ಅವಳ ಯೆಸ್ ಯಾರ ಕಿವಿಗೂ ಚುಚ್ಚಲಿಲ್ಲ. ಗೋಳು ಹೊಯ್ಯಲು ನಾನು ನಮ್ಮವರನ್ನೇ ಹುಡುಕಿಕೊಂಡು ಹೋಗಿದ್ದೆ, ದಡ್ಡತನ ನನ್ನದು.

ಹುಡುಗಿ ಚೌಕಟ್ಟು ಬಿಟ್ಟು ಒಳಗೆ ಬಂದು ಕುಳಿತಳು. ಅವಳ ತಲೆಯಲ್ಲಿ ಬೇರೆಯೇ ಏನೋ ಓಡುತ್ತಿತ್ತು.

"ಮೇಡಂ, ಆ ಸಂತಿ ಹೆಣ್ಣಮಗಳೂ ಹಿಂಗ ಅಂದಿರಬೇಕಲ್ರಿ. ಪರವಾನಗಿ ಕೈಯಾಗ ಹಿಡಕೊಂಡು ಸಾಹೇಬ್ರು ಎದುರಿಗೆ ನಿಂತಾರ. ಆಕಿ ಮತ್ತೇನಂತಾಳ?"

ನಾವು ಕೊನೆಯ ಪುಟಗಳಲ್ಲಿ ಮುಚ್ಚಿಟ್ಟಿದ್ದೇ ನಮ್ಮ ಪ್ರಕರಣದ ಜೀವ ಎಂದು ನನಗೆ ಅಲ್ಲಿ ಕುಳಿತೇ ತಿಳಿಯಿತು. ಎದುರು ನಿಂತ ಅಧಿಕಾರಿಗೆ ಹೇಳುವ ಹೌದು ಎಂಥದ್ದು ಎಂದು ಈ ಹುಡುಗಿಯಷ್ಟು ಬಲ್ಲವರು ಆ ಸ್ಪರ್ಧೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅವಳನ್ನು ಕೆಳಗಿಳಿಸಿ ಆ ವಾದವನ್ನು ಬೇರೆಯವರ ಬಾಯಲ್ಲಿ ಹೇಳಿಸುವುದು ಹೇಗೆ? ನಾನು ಮೇಲ್ ಕಳಿಸುವುದಿಲ್ಲ ಎಂದು ದೊಡ್ಡಪ್ಪನಿಗೆ ಹೇಳಿದೆ. ಅವರು ಗಡ್ಡ ಸವರುತ್ತ, ನಿಮ್ಮ ನೌಕರಿಗೆ ಏನೂ ತೊಂದರೆಯಾಗುವುದಿಲ್ಲವೇ ಎಂದಷ್ಟೇ ಕೇಳಿದರು. ಆದರೆ ಆಗಲಿ ಎಂದೆ.

ಅಲ್ಲಿಯೇ ತರಬೇತಿ ಶುರುವಾಯಿತು. ದೊಡ್ಡಪ್ಪ ಪೀಠ. ಅವರು ಏನೇ ಹೇಳಲಿ, ಹೇಳಿ ಮುಗಿಸುವವರೆಗೆ ಇವಳು ತುಟಿ ಬಿಚ್ಚಬಾರದು, ತಲೆ ಆಡಿಸಬಾರದು. ಮುಗಿದ ಮೇಲೆ ಒಂದು ಉಸಿರು, ಆಮೇಲೆ ಹೌದು ಅಥವಾ ಇಲ್ಲ, ಆಮೇಲೆ ಕಾರಣ. ಕೇಳಲು ಸುಲಭ, ಆದರೆ ದೊಡ್ಡಪ್ಪ ಅರಳೆಯ ದರದಿಂದ ಹಿಡಿದು ಅವಳ ಮದುವೆಯವರೆಗೆ ಏನೇನೋ ಹೇಳುತ್ತ ಹೋದರೆ, ಮೂರನೇ ಮಾತಿಗೆ ಅವಳ ತಲೆ ತಾನಾಗಿ ಅಲ್ಲಾಡುತ್ತಿತ್ತು. ಹಲ್ಲು ಕಚ್ಚಿ ಸುಮ್ಮನೆ ನಿಂತರೆ ಅವರಿಗೇ ತಡೆಯಲಾಗುತ್ತಿರಲಿಲ್ಲ. "ಹಿಂಗ ನಿಂತ್ರ ನನ್ನ ಮ್ಯಾಲ ಸಿಟ್ಟಾದಂಗ ಕಾಣತೈತ್ರಿ," ಎಂದು ನನ್ನ ಬಳಿ ದೂರಿದರು. ನಾವು ಮೂವರೂ ನಕ್ಕೆವು, ಮತ್ತೆ ಮಾಡಿದೆವು. ಒಂದು ಸಲವಾದರೂ ಅವರ ಮುಖ ನೋಡಿಕೊಂಡು ಇಲ್ಲ ಅನ್ನಲು ಅವಳಿಂದ ಆಗಲೇ ಇಲ್ಲ. ಸುಮ್ಮನಿರುವುದನ್ನು ಮಾತ್ರ ಕಲಿತಳು. ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಗದಗಿನ ಬಸ್ ಹತ್ತಿದೆವು.

ಕಂಪ್ಯೂಟರ್ ಕೋಣೆಯಲ್ಲಿ ಉಳಿದಿಬ್ಬರು ಕಾಯುತ್ತಿದ್ದರು. ವಾದದ ಕ್ರಮ ತಿರುವಿಹಾಕುತ್ತೇವೆ, ಒಪ್ಪಿಗೆಯ ಪ್ರಶ್ನೆಯನ್ನು ಮೊದಲಿಗೆ ತರುತ್ತೇವೆ ಎಂದಾಗ ಹಿರೇವಡ್ಡಟ್ಟಿಯ ಹುಡುಗ ನನ್ನ ಮೇಲೆಯೇ ಜಗಳಕ್ಕೆ ಬಂದ. ಪೀಠದ ಕೈಯಲ್ಲಿ ನಮ್ಮ ಲಿಖಿತ ವಾದವಿರುತ್ತದೆ, ಅವರು ಪುಟ ಹುಡುಕುತ್ತ ಕಿರಿಕಿರಿಗೊಳ್ಳುತ್ತಾರೆ. ಅಲ್ಲದೆ ತನ್ನ ನಿಮಿಷಗಳನ್ನು ಕತ್ತರಿಸಿ ಅವಳಿಗೆ ಕೊಡಬೇಕಾಗುತ್ತದೆ ಎಂದ. ಅವನ ಮಾತು ಖರೆ ಇತ್ತು. ಆಗ ಸಂಶೋಧಕಿ ಮೆಲ್ಲಗೆ ಬಾಯಿ ಬಿಟ್ಟಳು. ಬದಲಾವಣೆ ಆಗಿದ್ದರೆ ನಿಲ್ಲಬೇಕಾದವಳು ಅವಳೇ, ಆಸೆ ಇರಲಿಲ್ಲವೆಂದು ನಾನು ಹೇಳಲಾರೆ. ಆದರೂ, ಒಪ್ಪಿಗೆಗೆ ಬೆಲೆ ಬರಬೇಕಾದರೆ ನಿರಾಕರಿಸಲು ನಿಜವಾದ ಅವಕಾಶ ಇರಬೇಕು ಎನ್ನುವ ತೀರ್ಪುಗಳನ್ನು ತಾನು ಹಿಂದೆಯೇ ತೆಗೆದಿಟ್ಟಿದ್ದೆ, ನಾವೇ ಅಡಿಟಿಪ್ಪಣಿಗೆ ಹಾಕಿ ಮರೆತೆವು ಎಂದಳು. ಹುಡುಗ ಗೊಣಗುತ್ತಲೇ ತನ್ನ ಪಾಲಿನ ವಾದವನ್ನು ಅರ್ಧಕ್ಕೆ ಇಳಿಸಿದ.

ಸಂಜೆ ಪ್ರಾಂಶುಪಾಲರ ಕೋಣೆಗೆ ಹೋಗಿ ಹೆಸರು ಬದಲಿಸಿಲ್ಲ ಎಂದು ತಿಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದಾದ ಮೇಲೆ ಮುಂದಿನ ವರ್ಷ ಈ ಜವಾಬ್ದಾರಿ ನಿಮ್ಮ ಬಳಿ ಇರುತ್ತದೆ ಎಂದು ನಾನು ಮಾತು ಕೊಡಲಾರೆ ಎಂದರು. ಮಾತು ಕೊಡುವುದು ಬೇಡ ಎಂದೆ. ಹೊರಗೆ ಬಂದಾಗ ಮನಸ್ಸಿಗೆ ಹಿತವಾಗಿತ್ತು.

ಕೊನೆಯ ಸುತ್ತಿನ ಪೀಠದ ನಡುವೆ ನಿವೃತ್ತ ನ್ಯಾಯಾಧೀಶರೊಬ್ಬರಿದ್ದರು. ಅವಳು ಒಪ್ಪಿಗೆಯಿಂದ ಶುರುಮಾಡುತ್ತೇನೆ ಎನ್ನುತ್ತಲೇ ಅವರು ಪುಟ ತಿರುವತೊಡಗಿದರು, ಹುಬ್ಬು ಗಂಟಿಕ್ಕಿದರು. ಹುಡುಗ ನನ್ನ ಕಡೆ ಓರೆನೋಟ ಬೀರಿದ. ಅವಳು ಅವರು ಪುಟ ಕಂಡುಕೊಳ್ಳುವವರೆಗೆ ಸುಮ್ಮನೆ ಕಾದಳು. ಆಮೇಲೆ ಅವರು ಹರಿಹಾಯ್ದರು. ಅರ್ಜಿದಾರಳಿಗೆ ಫಲಕ ಓದಲು ಬರುತ್ತಿತ್ತು, ಅಧಿಕಾರಿ ಸ್ಪಷ್ಟವಾಗಿ ಕೇಳಿದ, ಅವಳು ಹೌದು ಎಂದಳು, ಸಹಿ ಹಾಕಿದಳು. ಪ್ರತಿ ಮಾತಿನ ನಂತರ ಒಂದು ಕ್ಷಣ ನಿಲ್ಲಿಸುತ್ತಿದ್ದರು, ಅವಳೇನಾದರೂ ಅನ್ನಲಿ ಎಂದು. ಅವಳ ಕುತ್ತಿಗೆಯ ನರ ಬಿಗಿದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ತಲೆ ಅಲ್ಲಾಡಲಿಲ್ಲ.

ಇದನ್ನು ಸ್ವತಂತ್ರ ಒಪ್ಪಿಗೆ ಎಂದು ನೀವು ಒಪ್ಪುತ್ತೀರಲ್ಲವೇ ಎಂದು ಅವರು ಮುಗಿಸಿದರು. ಅವಳು ಉಸಿರು ತೆಗೆದುಕೊಂಡು ಇಲ್ಲ ಎಂದಳು. ಇಂಗ್ಲಿಷಿನಲ್ಲಿ ಅದು ಎರಡೇ ಅಕ್ಷರ, ಆದರೆ ಅವಳು ಹೇಳಿದ್ದನ್ನು ಕೇಳಿ ನನ್ನ ಕಣ್ಣು ತುಂಬಿದವು. ಆಮೇಲೆ ಅವಳು ಅವಸರವಿಲ್ಲದೆ ಹೇಳುತ್ತ ಹೋದಳು. ಕೇಳಿದವನ ಕೈಯಲ್ಲಿ ಪರವಾನಗಿ ಇತ್ತು. ಇಲ್ಲ ಎಂದಿದ್ದರೆ ಅವಳಿಗೆ ಆ ವಾರದ ಸಂತೆ ಇರುತ್ತಿರಲಿಲ್ಲ. ಬೇರೆ ದಾರಿ ಇತ್ತೆಂದು ಪ್ರಕರಣದ ಸಂಗತಿಗಳಲ್ಲಿ ಎಲ್ಲಿಯೂ ಬರೆದಿಲ್ಲ. ಅಧಿಕಾರ ಎದುರಿಗೆ ನಿಂತು ಕೇಳಿದಾಗ ಜನ ಹೌದು ಅನ್ನುವುದು ಕೇಳಿಸಿಕೊಂಡೆ ಎಂದು ತಿಳಿಸಲು, ಮರ್ಯಾದೆಗೆ, ಭಯಕ್ಕೆ. ಇಲ್ಲ ಅನ್ನಲು ಬಾರದ ಕಡೆ ಹೌದು ಎಂಬುದಕ್ಕೆ ಬೆಲೆ ಕಟ್ಟಲಾಗದು.

ನ್ಯಾಯಾಧೀಶರು ಬಿಡಲಿಲ್ಲ. ಹಾಗಾದರೆ ಬಡವರು ಕೊಡುವ ಯಾವ ಒಪ್ಪಿಗೆಯೂ ಒಪ್ಪಿಗೆಯಲ್ಲ ಎಂದು ಹೇಳುತ್ತಿದ್ದೀರಿ, ಅವರಿಗೆ ಸ್ವಂತ ಬುದ್ಧಿ ಇಲ್ಲವೇ ಎಂದರು. ಕಠಿಣ ಪ್ರಶ್ನೆ, ನಾವು ಇದಕ್ಕೆ ಸಿದ್ಧರಾಗಿರಲಿಲ್ಲ. ಸಂಶೋಧಕಿಯ ಪೆನ್ನು ನಿಂತೇಹೋಯಿತು. ಹುಡುಗಿ ಮತ್ತೆ ಒಂದು ಉಸಿರು ತೆಗೆದುಕೊಂಡಳು. ಇಲ್ಲ, ಯುವರ್ ಎಕ್ಸಲೆನ್ಸಿ. ಅವರಿಗೆ ಬುದ್ಧಿ ಇರುವುದರಿಂದಲೇ, ಪರವಾನಗಿ ಹಿಡಿದವನ ಮುಂದೆ ಏನು ಹೇಳಬೇಕೆಂದು ಅವರಿಗೆ ಗೊತ್ತಿರುತ್ತದೆ. ಪರವಾನಗಿ ಕೊಟ್ಟು ಆಮೇಲೆ ಕೇಳಿದ್ದರೆ ಆಗ ಅವಳ ಹೌದು ಅವಳದೇ ಆಗುತ್ತಿತ್ತು ಎಂದಳು. ನ್ಯಾಯಾಧೀಶರು ಬೆನ್ನು ಹಿಂದಕ್ಕೆ ಒರಗಿಸಿ, ಮುಂದುವರಿಸಿ ಎಂದರು.

ಆ ಸುತ್ತು ನಾವು ಗೆದ್ದೆವು. ಸ್ಪರ್ಧೆ ಗೆಲ್ಲಲಿಲ್ಲ. ಮೂರನೇ ಸುತ್ತಿನ ಪೆಟ್ಟು ಜೋರಾಗಿತ್ತು, ಮುಂದಿನ ಹಂತಕ್ಕೆ ಆಯ್ಕೆಯಾದ ತಂಡಗಳಲ್ಲಿ ನಮ್ಮ ತಂಡ ಇರಲಿಲ್ಲ. ನನಗೆ ದುಃಖವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಮಾಧಾನ ಹೇಳಲು ಬಂದವರು ಇಂಗ್ಲಿಷಿನ ಮಾತು ತೆಗೆದಾಗ ಒಬ್ಬೊಬ್ಬರಿಗೂ ಸರಿಯಾಗಿ ಬಿಸಿ ಮುಟ್ಟಿಸಿದೆ.

ಹೊಸ ವರ್ಷದ ತರಗತಿಗಳು ಶುರುವಾದಾಗ ಪ್ರಾಂಶುಪಾಲರು ತಂಡವನ್ನು ಕರೆದು, ಆಡಳಿತ ಮಂಡಳಿಯ ಹಿರಿಯರ ಎದುರು ಶಾಲು ಹೊದಿಸಿದರು. ಲಕ್ಷ್ಮೇಶ್ವರದಿಂದ ದೊಡ್ಡಪ್ಪ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಪ್ರಾಂಶುಪಾಲರು ಮೂವರನ್ನೂ ಹೊಗಳಿದರು. ಆಮೇಲೆ ಹುಡುಗಿಯ ಕಡೆ ತಿರುಗಿ ಅಕ್ಕರೆಯಿಂದಲೇ ಮಾತಾಡಿದರು. ಇದು ಕೊನೆಯ ವರ್ಷ, ಪರೀಕ್ಷೆಯ ಭಾರ ಇರುತ್ತದೆ. ಕಳೆದ ಸಲ ಪಟ್ಟ ಕಷ್ಟ ಸಾಕು. ಈ ಸಲ ವಾದಕ್ಕೆ ಬೇರೆಯವರು ನಿಲ್ಲಲಿ, ನೀನು ಅವರಿಗೆ ಮಾರ್ಗದರ್ಶನ ಮಾಡು, ಆಗಬಹುದಲ್ಲವೇ ಎಂದು ಕೇಳಿದರು. ಮಂಡಳಿಯ ಹಿರಿಯರು ಮುಗುಳ್ನಕ್ಕರು. ಅವಳು ಹೂಂ ಅನ್ನುವುದನ್ನು ಎಲ್ಲರೂ ಕಾಯುತ್ತಿದ್ದರು, ಅವಳ ದೊಡ್ಡಪ್ಪ ಕೂಡ.

ಪರದೆಯ ಆಚೆಗಿನ ಪರದೇಶದವರಿಗೆ ಇಲ್ಲ ಅನ್ನುವುದು ಒಂದು ಬಗೆ. ತನಗೆ ಶಾಲು ಹೊದಿಸಿದ, ತನ್ನ ಮನೆಯವರ ಎದುರೇ ಕುಳಿತ ಹಿರಿಯರಿಗೆ, ತನ್ನದೇ ಮಾತಿನಲ್ಲಿ ಅನ್ನುವುದು ಬೇರೆ. ಅವಳು ಅವರ ಮಾತು ಪೂರ್ತಿ ಮುಗಿಯುವವರೆಗೆ ತಲೆ ಅಲ್ಲಾಡಿಸದೆ ನಿಂತಿದ್ದಳು.

"ಇಲ್ರಿ ಸರ್," ಅಂದಳು. "ನಾನಽ ನಿಂದರತೀನ್ರಿ."

ಪ್ರಾಂಶುಪಾಲರು ನನ್ನನ್ನು ನೋಡಿದರು, ಹಿಂದಿನ ಸಾಲನ್ನು ನೋಡಿದರು. ದೊಡ್ಡಪ್ಪ ಎದ್ದು ನಿಂತು ಅವರಿಗೆ ಕೈ ಮುಗಿದರು, ಆದರೆ ಹುಡುಗಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈ ವರ್ಷದ ನೋಂದಣಿಯಲ್ಲಿ ಮೊದಲ ವಾದಿಯ ಜಾಗದಲ್ಲಿ ಅವಳ ಹೆಸರೇ ಇದೆ.